ಅರ್ಜಿಯಲ್ಲಿ ಬಿಟ್ಟುಹೋದ ‘ದಿ.’

ರಾದ್ಧಾಂತಕ್ಕೆಲ್ಲ ಕಾರಣ ಒಂದು ಅಕ್ಷರ, ಒಂದು ಚುಕ್ಕಿ. ಅಕ್ಷರ ‘ದಿ’. ಚುಕ್ಕಿಯೋ ಸಾಸಿವೆ ಕಾಳಿಗಿಂತ ಚಿಕ್ಕದು. ಆದರೆ ಅವೆರಡೂ ಯಾರ ಹೆಸರಿನ ಮುಂದೆ ಹೋಗಿ ಕೂತವೋ ಅವರನ್ನು ಮತ್ತೆ ಎಬ್ಬಿಸುವುದು ಯಾರಿಂದಲೂ ಆಗುವ ಮಾತಲ್ಲ.

ಬೆಳಿಗ್ಗೆ ಟೇಲರಣ್ಣ ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಇಸ್ತ್ರಿ ಒತ್ತುತ್ತಿದ್ದ. ಪಕ್ಕದ ಮನೆಯ ಹೆಡ್‌ಮೇಷ್ಟ್ರು ಬಂದು ನಿಂತರು. ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಯವರ ತಪ್ಪು ತಿದ್ದುವುದನ್ನು ಅವರು ಬಿಟ್ಟಿರಲಿಲ್ಲ. ಕೈಯಲ್ಲಿ ಪೇಪರ್, ಮುಖ ಮಾತ್ರ ಹಿಂಡದೆ ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

“ಟೇಲರೇ, ನೀವು ತೀರ್ಕೊಂಡಿದ್ದೀರಿ.”

“ಯಾವಾಗ ಮೇಷ್ಟ್ರೇ?”

“ತಾರೀಕು ಹಾಕಿಲ್ಲ. ಅದೂ ಒಂದು ತಪ್ಪೇ.”

ಅದು ವಿಶ್ವವಿದ್ಯಾಲಯದ ಪ್ರಕಟಣೆ. ಪರಿಸರ ಮತ್ತು ಜೀವಿಗಳ ಸಂರಕ್ಷಣೆ ಓದುವವರಿಗೆ ಹೊಸ ವಿದ್ಯಾರ್ಥಿವೇತನ. ಮೊದಲು ‘ದಿ.’, ಆಮೇಲೆ ಟೇಲರಣ್ಣನ ಹೆಸರು, ಆಮೇಲೆ ‘ಸ್ಮಾರಕ’. ಕೆಳಗಡೆ, ಕೊಟ್ಟವರು: ಅವನ ಮಗಳು.

ಇರಬೇಕಾಗಿದ್ದದ್ದು ಇದರ ತಿರುಗಾಮುರುಗಾ. ಮಗಳು ಕಪ್ಪೆಗಳ ಬಗ್ಗೆ ಓದುತ್ತಿದ್ದವಳು. ಬೀದಿಯವರ ಬಾಯಲ್ಲಿ ಅವಳು ಕಪ್ಪೆಮ್ಮ. ಕೆರೆಗೆ ಕಪ್ಪೆ ಎಣಿಸಲು ಹೋದವಳು ಜ್ವರ ಹೊತ್ತು ಬಂದು ಒಂಬತ್ತೇ ದಿನಕ್ಕೆ ಹೊರಟುಹೋದಳು. ನಾಲ್ಕು ವರ್ಷವಾಯಿತು. ತಾಯಿ ಮೊದಲೇ ಇರಲಿಲ್ಲ. ಅವಳ ಹೆಸರು ಎಲ್ಲಾದರೂ ಉಳಿಯಲಿ, ವರ್ಷಕ್ಕೊಂದು ಸಲವಾದರೂ ಯಾರಾದರೂ ಅದನ್ನು ಗಟ್ಟಿಯಾಗಿ ಕೂಗಲಿ ಎಂದು ಅಪ್ಪ ಈ ವಿದ್ಯಾರ್ಥಿವೇತನ ಇಟ್ಟಿದ್ದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅಷ್ಟರಲ್ಲಿ ಹಿಂದಿನ ಮನೆಯ ನರ್ಸಮ್ಮ ಓಡಿಬಂದಳು. “ಅಯ್ಯೋ, ದೇವರಂಥ ಮನುಷ್ಯ!” ಎಂದು ಬಾಗಿಲಲ್ಲೇ ರಾಗ ತೆಗೆದವಳು, ದೇವರಂಥ ಮನುಷ್ಯ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತದ್ದು ಕಂಡು ಗಕ್ಕನೆ ನಿಂತಳು.

“ಇದ್ದೀಯಾ ಅಣ್ಣ? ಸದ್ಯ! ನನ್ನ ಕೋಟು ಆಯ್ತಾ?”

“ಇಲ್ಲಮ್ಮ, ನಾಳೆ.”

“ಹಾಗಾದ್ರೆ ಬಟ್ಟೆ ವಾಪಸ್ ಕೊಟ್ಬಿಡು. ಪೇಪರ್‌ನೋರು ಸುಮ್ಸುಮ್ನೆ ಬರಿಯಲ್ಲ.”

ಎದುರಿನ ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಕೂಗಿದ: “ಟೇಲರಣ್ಣಾ, ಸ್ವರ್ಗಕ್ಕೆ ಹೋದ್ರೂ ನಾಳೆ ಬಾ ಅಂತಾನೇ ಹೇಳ್ತೀಯೇನೋ!”

ಟೇಲರಣ್ಣ ಅಂಗಡಿ ಬಾಗಿಲೆಳೆದ. ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ವಿಶ್ವವಿದ್ಯಾಲಯಕ್ಕೆ ಓಡಿದ. ಕೆಳಗಿನವರು ಮೇಲೆ ಹೋಗಿ ಅಂದರು, ಮೇಲಿನವರು ಇನ್ನೂ ಮೇಲೆ ಅಂದರು. ಸತ್ತವನು ಮೇಲೆ ಹೋಗುವುದು ಸಹಜವೇ ಎಂದುಕೊಳ್ಳುತ್ತಾ ಏದುಸಿರು ಬಿಟ್ಟುಕೊಂಡು ಮೂರನೆಯ ಮಹಡಿ ಹತ್ತಿದ. ತಪ್ಪು ತಿದ್ದಿ ಎಂದು ಒಂದು ಹಾಳೆಯಲ್ಲಿ ಬರೆದು ಗುಮಾಸ್ತನ ಮುಂದಿಟ್ಟ.

“ನೀವು ಬದುಕಿದ್ದೀರಿ ಅನ್ನೋದಕ್ಕೆ ಆಧಾರ?”

“ನಾನೇ ಬಂದಿದ್ದೀನಲ್ಲ ಸ್ವಾಮಿ.”

“ಬಂದೋರೆಲ್ಲ ಹಾಗೇ ಅಂತಾರೆ.” ಗುಮಾಸ್ತ ಹಳೆಯ ಅರ್ಜಿಯನ್ನು ಹುಡುಕಿ ತೆಗೆದ. “ಇದು ನಿಮ್ಮ ಬರವಣಿಗೆ ತಾನೆ? ಯಾರ ನೆನಪಿಗೆ ಅನ್ನೋ ಕಡೆ ಮಗಳ ಹೆಸರಿದೆ. ‘ದಿ.’ ಎಲ್ಲಿ?”

ಟೇಲರಣ್ಣ ತಲೆ ತಗ್ಗಿಸಿದ. ಆ ಜಾಗದ ಮೇಲೆ ಪೆನ್ನು ಹಿಡಿದು ಇಡೀ ಮಧ್ಯಾಹ್ನ ಕೂತಿದ್ದ. ಕೈ ಬಂದಿರಲಿಲ್ಲ. ಬರೀ ಹೆಸರು ಬರೆದು ಕೊಟ್ಟಿದ್ದ.

“ಸ್ಮಾರಕ ಅಂದ್ಮೇಲೆ ಇಬ್ಬರಲ್ಲಿ ಒಬ್ರು ಸತ್ತಿರ್ಲೇಬೇಕಲ್ವೇನ್ರೀ?” ಗುಮಾಸ್ತನೂ ಬಿಡಲಿಲ್ಲ. “ಗಾಬರೀಲಿ ಹೆಸರು ಅದಲು ಬದಲಾಗಿದೆ ಅಂದ್ಕೊಂಡು ನಾನೇ ತಿರುಗಿಸಿ ‘ದಿ.’ ಹಾಕ್ದೆ. ಅಪ್ಪ ವಯಸ್ಸಾದೋರು, ಮಗಳು ಚಿಕ್ಕೋಳು. ನ್ಯಾಯವಾಗಿ ಯಾರು ಹೋಗಿರ್ಬೇಕು, ನೀವೇ ಹೇಳಿ?”

“ನಾನೇ ಸ್ವಾಮಿ,” ಅಂದ ಟೇಲರಣ್ಣ. “ನ್ಯಾಯವಾಗಿ ನಾನೇ.”

ಗುಮಾಸ್ತ ಅವನು ಬರೆದಿಟ್ಟ ಹಾಳೆಯನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಕೆಸರು ಮೆತ್ತಿದ ಬೂಟಿನ ಹುಡುಗಿಯೊಬ್ಬಳು ಅರ್ಜಿ ಹಿಡಿದು ಒಳಗೆ ಬಂದಳು.

“ಸಾರ್, ಈ ವಿದ್ಯಾರ್ಥಿವೇತನ ಕೊಡ್ತಿರೋ ಮೇಡಂ ಎಲ್ಲಿ ಸಿಗ್ತಾರೆ? ಲೈಬ್ರರೀಲಿ ಅವರ ಬರಹ ಓದ್ದೆ. ಆ ಕೆರೇಲಿ ಒಂದು ಕಪ್ಪೆ ಮಗು ಬಿಕ್ಕಿದ ಹಾಗೆ ಕೂಗುತ್ತೆ ಅಂತ ಬರೆದಿದ್ದಾರೆ. ನಾನು ಎಷ್ಟು ಹುಡುಕಿದ್ರೂ ಸಿಕ್ಕಿಲ್ಲ. ಅವರನ್ನೇ ಕೇಳ್ಬೇಕು.”

ಗುಮಾಸ್ತ ಟೇಲರಣ್ಣನ ಮುಖ ನೋಡಿದ. ನಾಲ್ಕು ವರ್ಷದಿಂದ ಅಂಗಡಿಗೆ ಬಂದವರೆಲ್ಲ ಮಗಳನ್ನು ‘ಇದ್ದಳು’ ಎಂದೇ ಹೇಳಿ ಹೋಗಿದ್ದರು. ‘ಎಲ್ಲಿದ್ದಾಳೆ’ ಎಂದು ಕೇಳಿದವಳು ಇವಳೊಬ್ಬಳೇ.

“ಕೆರೆ ಕಡೆ ಹೋಗಿದ್ದಾಳಮ್ಮ,” ಎಂದುಬಿಟ್ಟ ಅಪ್ಪ. “ಬರೋದು ತಡ ಆಗುತ್ತೆ.”

“ಪರವಾಗಿಲ್ಲ ಅಂಕಲ್. ನಾನು ಕೇಳಿದೆ ಅಂತ ಹೇಳಿ.”

“ಹೇಳ್ತೀನಮ್ಮ.”

ಹುಡುಗಿ ಅರ್ಜಿ ಕೊಟ್ಟು ಹೋದಳು. ಟೇಲರಣ್ಣ ತಾನು ಬರೆದ ಹಾಳೆಯನ್ನು ಗುಮಾಸ್ತನ ಕೈಯಿಂದ ಮೆಲ್ಲಗೆ ಎಳೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

“ಪೇಪರ್‌ನಲ್ಲಿ ಬಂದ ಹಾಗೇ ಇರ್ಲಿ ಸ್ವಾಮಿ.”

“ನೀವು ಸತ್ತ ಹಾಗೇ ಉಳೀತೀರಲ್ರೀ!”

“ಉಳೀಲಿ. ನಂಗೇನು, ಅಂಗಡಿ ಇದೆ. ಹೊತ್ತು ಹೋಗುತ್ತೆ.”

ಮೆಟ್ಟಿಲಿಳಿಯುವಾಗ ಟೇಲರಣ್ಣನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸತ್ತು ಇಷ್ಟು ಹಗುರಾದವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಸಂಜೆ ಬೀದಿಗೆ ಬಂದರೆ ಅಂಗಡಿಯ ಮುಂದೆ ಜನ ನೆರೆದಿದ್ದಾರೆ. ನಡುವೆ ಹೆಡ್‌ಮೇಷ್ಟ್ರು, ಕೈಯಲ್ಲಿ ಮೊಬೈಲು, ಮುಖವೆಲ್ಲ ನಗು.

“ಎಲ್ಲಿ ಹೋಗಿದ್ರಿ ಟೇಲರೇ? ಪಾಪ, ಒಬ್ರೇ ಅಲೀತಾರಲ್ಲ ಅಂತ ಕರುಳು ಚುರುಕ್ ಅಂತು. ವಿಶ್ವವಿದ್ಯಾಲಯದ ದೊಡ್ಡ ಸಾಹೇಬ ನನ್ನ ಕೈಲಿ ಕಲಿತವನು. ಒಂದೇ ಫೋನು! ತಿದ್ದುಪಡಿ ಮಾಡಿ ಎಲ್ಲ ವಿದ್ಯಾರ್ಥಿಗಳಿಗೂ ಕಳಿಸಿಯಾಯ್ತು. ಓದ್ತೀನಿ, ಕೇಳಿ.”

“ಬೇಡಿ ಮೇಷ್ಟ್ರೇ...”

“ಸಂಕೋಚ ಯಾಕ್ರೀ!” ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ‘ದಿ.’ ಎಂದು ಮೊಟಕು ಮಾಡದೆ ‘ದಿವಂಗತ’ ಎಂದು ಪೂರ್ತಿ ಬಿಡಿಸಿ, ತರಗತಿಯ ದನಿಯಲ್ಲಿ, ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ ಮಗಳ ಹೆಸರನ್ನು ಕೂಗಿ ಓದಿದರು.

ಜನ ಚಪ್ಪಾಳೆ ತಟ್ಟಿದರು. ಟೇಲರಣ್ಣ ಎಲ್ಲರಿಗೂ ಕೈ ಮುಗಿದ. ಮುಗಿದ ಕೈ ಇಳಿಸಲಾಗದೆ ಅದರಲ್ಲೇ ಮುಖ ಮುಚ್ಚಿಕೊಂಡ.

“ನೋಡ್ರಪ್ಪಾ!” ಕ್ಷೌರದಂಗಡಿಯವನು ಕೂಗಿದ. “ಸತ್ತಿಲ್ಲ ಅಂತ ಅಳೋ ಮನುಷ್ಯನ್ನ ನಾನು ಇವತ್ತೇ ಕಂಡಿದ್ದು!”

ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು.