ಐವತ್ತಾರು ಎ.ಪಿ.ಓ.ಗೆ ಒಂದು ಟಿಕೆಟ್

ಆ ದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಒಂದು ಗುಟುಕು ಕಾಫಿ ಕುಡಿದು, “ಸಕ್ಕರೆ ಕಮ್ಮಿ ಕಣ್ ಮಗಾ” ಎಂದು ಲೋಟ ಕೆಳಗಿಟ್ಟಳು. ನಾನು ಡಬ್ಬಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಂಬತ್ತೇಳು ವರ್ಷ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಯಾರನ್ನು ಕೂಗಬೇಕೆಂದೂ ತೋಚಲಿಲ್ಲ. ಲೋಟಕ್ಕೆ ಸಕ್ಕರೆ ಹಾಕಿ ಕಲಕಿದೆ.

ಸಮಾಧಾನ ಹೇಳಲು ಬಂದ ನಮ್ಮೂರು ಮಾಕಳಿಯ ಹಳಬರು ಅವಳ ಪ್ರಸಂಗಗಳನ್ನು ನೆನೆದು ನಕ್ಕರು. ಗಂಡ ಮಿಲಿಟರಿಯಲ್ಲಿ, ಹೆಂಡತಿ ಹಳ್ಳಿಯಲ್ಲಿ ಇದ್ದರೆ ಇಂಥವು ಆಗುತ್ತಲೇ ಇರುತ್ತವೆ. ಎಪ್ಪತ್ತರ ದಶಕದವು, ನಾನೇ ಕಂಡವು, ಬರೆದಿಡುತ್ತೇನೆ.

ಕೋಳಿ ಕೇಸು

ಅಪ್ಪನಿಗೆ ಹವಾಲ್ದಾರ್ ಹುದ್ದೆ ಸಿಕ್ಕಿತೆಂದು ಕಾಗದ ಬಂತು. ಊರಿನವರ ಪಾಲಿಗೆ ಹವಾಲ್ದಾರ್ ಎಂದರೆ ಪೊಲೀಸು. ಮರುದಿನವೇ ಒಬ್ಬ ಮುದುಕ ಬಾಗಿಲಿಗೆ ಬಂದ.

“ಅವಾಲ್ದಾರಮ್ಮಾ, ನನ್ ಕೋಳಿ ಕದ್ದವ್ರೆ. ಕಂಪ್ಲೇಂಟ್ ತಗಳವ್ವ.”

“ಅಯ್ಯೋ, ನಮ್ಮೆಜಮಾನ್ರು ಗಡೀಲವ್ರೆ ಕಣಪ್ಪಾ!”

“ಇರ್ಲಿ ಬುಡವ್ವ, ಅಲ್ಲಿಂದ್ಲೇ ಒಸಿ ಗದರಸಕ್ಕೇಳು.”

ಅಮ್ಮನಿಗೆ ಓದು ಬರಹ ಬಾರದು. ಅವಳು ಹೇಳಿದಂತೆ ಕೋಳಿಯ ಬಣ್ಣ, ಕುಂಟುವ ಕಾಲು ಎಲ್ಲ ಬರೆದು ನಾನೇ ಅಂಚೆಗೆ ಹಾಕಿದೆ. ಉತ್ತರ ಬರುವ ಮೊದಲೇ ಕೋಳಿ ಬಂತು. ಕೇಸು ಗಡಿಯವರೆಗೂ ಹೋಗಿದೆಯೆಂದು ಕೇಳಿ ಕದ್ದವನೇ ಬಿಟ್ಟು ಓಡಿದ್ದ.

ಒಂದೇ ಊರು

ಪಕ್ಕದ ಮನೆಯಾಕೆಯ ಗಂಡನೂ ಮಿಲಿಟರಿಯಲ್ಲಿದ್ದ, ಡ್ರೈವರ್. ಇಬ್ಬರ ವಿಳಾಸವೂ ಐವತ್ತಾರು ಎ.ಪಿ.ಓ. ಅದು ಸೇನೆಯ ಅಂಚೆ ಕಚೇರಿ. ಎಲ್ಲೇ ಇರಲಿ, ಗಡಿಯ ಬಹುತೇಕ ಸೈನಿಕರಿಗೆ ಅದೇ ವಿಳಾಸ. ಅಮ್ಮ ಅದನ್ನು ಊರೆಂದು ತಿಳಿದಿದ್ದಳು.

“ಪಕ್ಕದ್ಮನೆಯವ್ರ ಕಾಗದ ಬಂದಿಲ್ಲ, ಒಸಿ ಹೋಗಿ ನೋಡ್ಕಂಡು ಬನ್ನಿ ಅಂತ ಬರಿ” ಎಂದಳು. ಬರೆದೆ.

“ನಾನಿರುವಲ್ಲಿ ಹಿಮ, ಆತನಿರುವಲ್ಲಿ ಮರಳು. ನಡುವೆ ಅರ್ಧ ದೇಶವಿದೆ” ಎಂದು ಅಪ್ಪ ಉತ್ತರಿಸಿದರು.

ಅಮ್ಮ ಬೆರಗಾದಳು. “ನೋಡ್ದಾ? ಒಂದೇ ಊರಲ್ಲಿದ್ಕಂಡು ಹೋಗಕ್ಕೆ ಸೋಮಾರಿತನ. ಅದಕ್ಕೆ ಎಷ್ಟು ನೆಪ!”

ಟಿಕೆಟ್

ಎಪ್ಪತ್ತೊಂದರ ಯುದ್ಧ ಮುಗಿದು ಎರಡು ತಿಂಗಳಾದರೂ ಅಪ್ಪನ ಕಾಗದವಿಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ಅಮ್ಮ ಹೊರಗೆ ಬಂದು ನಿಂತು, ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಕೋಡುಬಳೆಯ ಎರಡು ಗಂಟು ಕಟ್ಟಿಕೊಂಡಳು. ಒಂದು ಅಪ್ಪನಿಗೆ, ಒಂದು ಪಕ್ಕದ ಮನೆಯಾಕೆಯ ಗಂಡನಿಗೆ. ನಾನೂ ರಸ್ತೆಯವರೆಗೆ ಹೋದೆ. ಅಮ್ಮ ಬಸ್ಸು ಹತ್ತಿ, “ಐವತ್ತಾರು ಏಪೀಓಗೆ ಒಂದು ಕೊಡಣ್ಣ” ಎಂದಳು.

ಕಂಡಕ್ಟರ್ ಕಂಗಾಲಾದ. “ಮೆಜೆಸ್ಟಿಕ್‌ಗೆ ಕೊಡ್ತೀನಿ. ಮುಂದಕ್ಕೆ ರೈಲ್ವೆ ಸ್ಟೇಷನ್ನಲ್ಲಿ ಕೇಳ್ಕಳಕ್ಕ.”

ಮಧ್ಯಾಹ್ನ ಬಾಗಿಲಲ್ಲಿ ಅಪ್ಪ! ಬಲಗೈಗೆ ಬ್ಯಾಂಡೇಜು.

“ಬೇರೆಯವರ ಅಕ್ಷರ ಕಂಡರೆ ಹೆದರ್ತಾಳೆ ಅಂತ ಬರೆಸಲಿಲ್ಲ. ಎಲ್ಲಿ ಅವಳು?”

“ನಿಮ್ಮೂರಿಗೆ ಹೋದ್ಳು.”

ಯುದ್ಧ ಕಂಡು ಬಂದ ಅಪ್ಪ ಹೆಗಲ ಚೀಲವನ್ನು ಜಗುಲಿಗೆ ಎಸೆದರು. ಆಮೇಲೆ ನನ್ನ ಕೈ ಹಿಡಿದು ಬಸ್ಸಿಗೆ ಓಡಿದರು.

ಸ್ಟೇಷನ್ನಿನಲ್ಲಿ ಅಮ್ಮ ಒಂದೊಂದೇ ಕಿಟಕಿಯಲ್ಲಿ ಕೇಳಿಕೊಂಡು ಕೊನೆಯ ಕಿಟಕಿಗೆ ಬಂದಿದ್ದಳು. ಒಳಗಿನ ಗುಮಾಸ್ತರು ಕೈಮುಗಿಯುತ್ತಿದ್ದರು.

“ಆ ಹೆಸರಿನ ಊರೇ ಇಲ್ಲ ಕಣಮ್ಮಾ!”

“ಊರಿಲ್ದೆ ಕಾಗದ ಎಂಗೆ ಬತ್ತದೆ ಸ್ವಾಮಿ?”

ಅಪ್ಪ ಹಿಂದಿನಿಂದ ಕರೆದರು. ಅಮ್ಮ ತಿರುಗಿದಳು. ಕೋಡುಬಳೆ ಗಂಟುಗಳು ಕೈಯಿಂದ ಜಾರಿ ನೆಲಕ್ಕೆ ಬಿದ್ದವು. ಅಪ್ಪನ ಬ್ಯಾಂಡೇಜನ್ನೊಮ್ಮೆ ಮುಟ್ಟಿ ನೋಡಿದಳು. ಮತ್ತೆ ಕಿಟಕಿಗೆ ಬಗ್ಗಿ ಕೂಗಿದಳು:

“ಇಲ್ಲ ಅಂದ್ರಲ್ಲಾ, ಇವ್ರನ್ನೇ ಕೇಳಿ! ಆ ಊರಿಂದ್ಲೇ ಬಂದವ್ರೆ!”

ಹೋದ ವಾರ, ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಬರುತ್ತಿದ್ದ ಪಿಂಚಣಿ ನಿಲ್ಲಿಸಲೆಂದು ಅದರ ಪುಸ್ತಕ ತೆಗೆದೆ. ಹಾಳೆಗಳ ನಡುವೆ ಮೆಜೆಸ್ಟಿಕ್‌ಗೆ ಕೊಟ್ಟ ಆ ಬಸ್ ಟಿಕೆಟ್ ಇತ್ತು. ಅದರ ಹಿಂಬದಿಯಲ್ಲಿ ಅಪ್ಪ ಎಡಗೈಯ ಸೊಟ್ಟ ಅಕ್ಷರದಲ್ಲಿ ಬರೆದಿದ್ದಾರೆ: ೫೬ ಎ.ಪಿ.ಓ.