ಹೊನ್ನಕ್ಕನನ್ನು ತೆಗೆದುಹಾಕಿದ್ದಕ್ಕೆ ನಾನು ಹೇಳಿದ ಧನ್ಯವಾದ

ಮಾನ್ಯರೇ,

'ಕುಂಚ ಬಂಧುಗಳು' ವಾಟ್ಸಾಪ್ ಗುಂಪಿನ ಸ್ಥಾಪಕರೂ, ಮಧುಗಿರಿಯ ನಿವೃತ್ತ ಚಿತ್ರಕಲಾ ಶಿಕ್ಷಕರೂ, ನಾಲ್ಕು ತಾಲ್ಲೂಕಿನ ಕಲಾವಿದರಿಗೆ ವಿನಯ ಕಲಿಸಿದವರೂ ಆದ ಶ್ರೀ ಶಂಕರಲಿಂಗಪ್ಪನವರಿಗೆ, ಎಂಟು ತಿಂಗಳ ಮಗುವಿನ ತಾಯಿಯಾದ ಶಿರಾದ ಶಿವರಂಜನಿ, ಒಂದು ಕೈಯಲ್ಲಿ ಮಗು ಇರುವುದರಿಂದ ಉಳಿದ ಒಂದೇ ಕೈಯಲ್ಲಿ ಮಾಡುವ ನಮಸ್ಕಾರಗಳು.

ತಮ್ಮ ಏಳನೆಯ ನಿಯಮವನ್ನು ಹೊಗಳದೆ ದೂರು ಶುರು ಮಾಡಿದರೆ ಅದೇ ಒಂದು ಕೃತಘ್ನತೆಯಾದೀತು. ಚಿತ್ರ ಹಾಕಿದವರು, ಮೆಚ್ಚಿದ ಪ್ರತಿಯೊಬ್ಬರಿಗೂ ಹೆಸರು ಹಿಡಿದು, ಇಪ್ಪತ್ನಾಲ್ಕು ಗಂಟೆಯೊಳಗೆ, ಬರವಣಿಗೆಯಲ್ಲೇ ಧನ್ಯವಾದ ಹೇಳತಕ್ಕದ್ದು. ಮೂರು ಸಲ ತಪ್ಪಿದವರನ್ನು ಗುಂಪಿನಿಂದ ತೆಗೆಯಲಾಗುವುದು. ನಾನು ಧನ್ಯವಾದ ಹೇಳಿದರೆ ಅವರು 'ಪರವಾಗಿಲ್ಲ ಮೇಡಂ' ಎನ್ನುತ್ತಾರೆ, ಅದಕ್ಕೆ ನಾನು ಕೈಮುಗಿಯುತ್ತೇನೆ, ಅವರು ಹೂವು ಕಳಿಸುತ್ತಾರೆ, ಹೂವು ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗದು. ಮಗು ಹಗಲು ಮಲಗುವುದು ನಲವತ್ತು ನಿಮಿಷ. ಮೊದಲು ಆ ಹೊತ್ತಿನಲ್ಲಿ ಚಿತ್ರ ಬರೆಯುತ್ತಿದ್ದೆ, ಈಗ ಬರೀ ವಂದನೆ ಬರೆಯುತ್ತೇನೆ. ಮೊನ್ನೆ ನಮ್ಮತ್ತೆ, "ಮಗ ಆಗ್ಲಿಂದ ಅಳ್ತಾ ಐತೆ, ನೀನು ಅದ್ಯಾವ ದೇವ್ರಿಗೆ ಕೈ ಮುಗೀತಾ ಕೂತಿದೀಯಮ್ಮ" ಎಂದು ಕೇಳಿದಾಗ, ಪಾವಗಡದ ತಿಪ್ಪೇಶ್ ಎನ್ನುವವರೊಬ್ಬರು ಬಾಕಿ ಇದ್ದಾರೆ ಎನ್ನಲು ನಾಚಿಕೆಯಾಯಿತು.

ಆದರೂ ನಿಯಮವನ್ನು ದೂರುವ ಮುಖ ನನಗಿಲ್ಲ, ಏಕೆಂದರೆ ಅದು ಹುಟ್ಟಿದ್ದೇ ನನ್ನಿಂದ. ಬುಕ್ಕಾಪಟ್ಟಣದ ಕಡೆ ಕುರಿ ಮೇಯಿಸುವ ಹೊನ್ನಕ್ಕ, ಸಿಮೆಂಟ್ ಚೀಲದ ಕಾಗದದ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಕುರಿಯ ಚಿತ್ರ ಹಾಕಿದ್ದರು. ನಾನು ಬಿ.ಎ. ಓದಿದ್ದು ಸಾರ್ಥಕವಾಗಲೆಂದು ರೇಖೆ, ಲಯ, ಛಾಯೆ ಎಂದೆಲ್ಲ ನಾಲ್ಕು ಸಾಲು ಮೆಚ್ಚಿ ಬರೆದೆ. ಅವರಿಂದ ಒಂದು ಅಕ್ಷರವೂ ಬರಲಿಲ್ಲ. ನಿದ್ದೆ ಕೆಟ್ಟವಳಿಗೆ ಅವಮಾನ ಬೇಗ ಆಗುತ್ತದೆ ಸ್ವಾಮಿ. ತಮಗೆ ಖಾಸಗಿಯಾಗಿ ದೂರು ಕಳಿಸಿದವಳು ನಾನೇ, ಜೊತೆಗೆ ಸ್ಕ್ರೀನ್‌ಶಾಟ್ ಲಗತ್ತಿಸಿದವಳೂ ನಾನೇ.

ಆಮೇಲೆ ನಾನು ಬುಕ್ಕಾಪಟ್ಟಣದ ಕಾಡಿನಲ್ಲಿರುವ ಚಿಂಕಾರ ಎಂಬ ಸಣ್ಣ ಜಿಂಕೆಯೊಂದನ್ನು ಬರೆದು ಹಾಕಿದೆ. ಎರಡು ದಿನ ಬಿಟ್ಟು ಹೊನ್ನಕ್ಕನ ಧ್ವನಿ ಸಂದೇಶ ಬಂತು: "ನೀನು ನನ್ ಕುರೀಗೆ ಅಷ್ಟುದ್ದ ಬರ್ದಿದ್ಯಲ್ಲಾ, ಅದುಕ್ಕೆ ಎಲ್ಡು ದಿನ ನಿನ್ ಜಿಂಕೆ ನೋಡ್ಕಂಡು ಬಂದೆ ಕಣಮ್ಮ. ಅದು ಹೆದ್ರಿದ್ರೆ ಮೊದ್ಲು ಕಿವಿ ತಿರುಗುಸ್ತದೆ. ನೀನು ಬರ್ದಿರೋದು ಆಡಿನ ಕಿವಿ." ನನಗೆ ಕೇಳಿಸಿದ್ದು ಆಡಿನ ಕಿವಿಯೊಂದೇ. ಸಿಟ್ಟಿನಲ್ಲೇ ಕಿವಿ ತಿದ್ದಿ ಚಿತ್ರವನ್ನು ಮತ್ತೆ ಹಾಕಿದೆ. ಎಪ್ಪತ್ತೊಂದು ಜನ ಮೆಚ್ಚಿದರು, ಎಲ್ಲರೂ ಆ ಕಿವಿಯನ್ನೇ. ಎಪ್ಪತ್ತೊಂದು ಜನರಿಗೂ ಹೆಸರು ಹಿಡಿದು ಧನ್ಯವಾದ ಹೇಳಿದೆ. ತಿದ್ದಿದ ಚಿತ್ರದ ಕೆಳಗೆ ಹೊನ್ನಕ್ಕ ಏನೂ ಹೇಳಿರಲಿಲ್ಲವಾದ್ದರಿಂದ, ನಿಯಮದ ಪ್ರಕಾರ ಅವರು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಆ ವಂದನಾ ಸಾಲಿನ ನಡುವೆಯೇ ತಮ್ಮ ಪ್ರಕಟಣೆ ಬಂತು: ಕುರಿಯ ಚಿತ್ರವೂ ಸೇರಿ ಮೂರು ಬಾರಿ ಮೆಚ್ಚಿದವರಿಗೆ ಕೃತಜ್ಞತೆ ಸಲ್ಲಿಸದ ಕಾರಣ ಹೊನ್ನಕ್ಕ ಅವರನ್ನು ತೆಗೆಯಲಾಗಿದೆ. ಬೆರಳು ಓಟದಲ್ಲಿತ್ತು. 'ತುಂಬು ಹೃದಯದ ಧನ್ಯವಾದಗಳು ಸರ್' ಎಂದು ಕಳಿಸಿಬಿಟ್ಟೆ. ತಾವು 'ಪರವಾಗಿಲ್ಲ ಮೇಡಂ' ಎಂದಿರಿ. ಧ್ವನಿ ಸಂದೇಶವನ್ನು ಮೊದಲಿನಿಂದ ಪೂರ್ತಿ ಕೇಳಿದ್ದು ಅದರ ಮಾರನೆಯ ದಿನ.

ಆದ್ದರಿಂದ ನನ್ನ ಬಿನ್ನಹವಿಷ್ಟು. ಹೊನ್ನಕ್ಕನನ್ನು ಮತ್ತೆ ಸೇರಿಸಿಕೊಳ್ಳಬೇಕು. ಎರಡು ದಿನ ಜಿಂಕೆ ನೋಡಿ ಬರುವುದನ್ನು ಲಿಖಿತ ಧನ್ಯವಾದಕ್ಕೆ ಸಮವೆಂದು ಪರಿಗಣಿಸಬೇಕು. ಎಪ್ಪತ್ತೊಂದು ಸದಸ್ಯರಿಂದ ನನ್ನ ಧನ್ಯವಾದಗಳನ್ನು ವಾಪಸು ಪಡೆದು, ಒಟ್ಟುಗೂಡಿಸಿ, ಬುಕ್ಕಾಪಟ್ಟಣಕ್ಕೆ ತಲುಪಿಸಬೇಕು. ಇದು ಸಾಧ್ಯವಿಲ್ಲವೆಂದಾದರೆ, ಅತಿಯಾಗಿ ಧನ್ಯವಾದ ಹೇಳಿದ ತಪ್ಪಿಗೆ ನನ್ನನ್ನೂ ಹೊರಹಾಕಬೇಕು. ದಿನಕ್ಕೆ ನಲವತ್ತು ನಿಮಿಷ ಉಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ, ತಮಗೆ ಈ ತಿಂಗಳಲ್ಲೇ ಹನ್ನೊಂದು ಸಲ ಕೈಮುಗಿದಿರುವ
ಶಿವರಂಜನಿ, ಶಿರಾ

ಮರೆತ ಮಾತು: ಮೊನ್ನೆ ಹೊನ್ನಕ್ಕನಿಗೆ ಫೋನ್ ಮಾಡಿ ಐದು ನಿಮಿಷ ಬಿಡದೆ ಧನ್ಯವಾದ ಹೇಳಿದೆ. "ಆಯ್ತು ಬುಡಮ್ಮ, ಅದೆಷ್ಟು ಹೇಳ್ತೀಯ. ಕಿವಿ ತಿದ್ದಿದ್ರೆ ಕಳ್ಸು, ನೋಡನ" ಎಂದರು. ಕಳಿಸಿದೆ. ಎರಡು ದಿನವಾಯಿತು, ಉತ್ತರವಿಲ್ಲ. ತಮ್ಮ ಲೆಕ್ಕದಲ್ಲಿ ಇದು ಅವರ ನಾಲ್ಕನೆಯ ತಪ್ಪು, ತಾವು ದಾಖಲಿಸಿಕೊಳ್ಳಬಹುದು. ಅವರು ಜಿಂಕೆ ನೋಡಲು ಹೋಗಿದ್ದಾರೆಂದು ನನಗೆ ಗೊತ್ತು.