ಮಾರುತಿಗೆ ಫ್ರೆಂಚ್ ಕಲಿಸಿದ ಕಾಕಾ

ಧಾರವಾಡದಿಂದ ಫ್ರಾನ್ಸ್ ದೇಶದ ಮೇಲೆ ಯುದ್ಧ ಸಾರಿದವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ! ತೋಪಿಲ್ಲ, ಬಂದೂಕಿಲ್ಲ, ತೊಡೆಯ ಮೇಲೊಂದು ಹರಕು ಫ್ರೆಂಚ್–ಇಂಗ್ಲಿಷ್ ಶಬ್ದಕೋಶ, ಮೂಗಿನ ತುದಿಯಲ್ಲಿ ಸಿಟ್ಟು.

ಜಗಳ ಹುಟ್ಟಿದ್ದು ಮಾತ್ರ ನಮ್ಮೂರ ಸಾಲಿಯಲ್ಲಿ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದ ನಮ್ಮ ಅಕ್ಕ ಮ್ಯಾಟ್ರಿಕ್ ಪಾಸಾಗಬೇಕು, ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತ ತನ್ನ ಕಾಲ ಮೇಲೆ ನಿಲ್ಲಬೇಕು ಅಂತ ಹಟ ಹಿಡಿದಿದ್ದಳು. ಸಂಸ್ಕೃತದ ಮಾಸ್ತರರು ಮೂಗಿನಿಂದಲೇ ತೀರ್ಪು ಕೊಟ್ಟರು: "ವಿಧವಾ ಹುಡುಗಿಗೆ ನಾ ಸಂಸ್ಕೃತ ಹೇಳಂಗಿಲ್ರಿ. ಧರ್ಮಾ ಕಾಪಾಡಬೇಕಲ್ರಿ!"

(ಆ ಮೂಗಿನ ದನಿಯನ್ನು ನಾನು ಎಷ್ಟು ಛಲೋ ಅಣಕಿಸುತ್ತೇನೆಂದರೆ, ಒಮ್ಮೆ ಅವರ ಎಮ್ಮೆಯೇ ಮೋಸಹೋಗಿ ಎದ್ದು ನಿಂತಿತ್ತು. ಗಣಿತದಲ್ಲಿ ಸೊನ್ನೆ ತರುವವನಿಗೆ ಇಷ್ಟಾದರೂ ವಿದ್ಯೆ ಬೇಡವೇ?)

ಕಾಕಾ ಭುಗಿಲೆದ್ದರು. "ಸಂಸ್ಕೃತ ನಿಮ್ಮಪ್ಪನ ಆಸ್ತಿಯೇನ್ರಿ? ನೀವ ಇಟ್ಕೊಳ್ರಿ! ನಮ್ಮ ಹುಡುಗಿ ಫ್ರೆಂಚ್ ತಗೋತಾಳ!"

ಪರೀಕ್ಷೆಗೆ ಸಂಸ್ಕೃತದ ಬದಲು ಫ್ರೆಂಚ್ ನಡೆಯುತ್ತಿತ್ತು, ಖರೇ. ಕಲಿಸುವವರು ಯಾರು? ಕಾಕಾ ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿ ಹ್ಯಾಟು ಹಾಕಿದ ಗಾರ್ಡ್ ಸಾಹೇಬನನ್ನೇ ಕೇಳಿದರು. ಅವನು ಹಸಿರು ನಿಶಾನೆ ಬೀಸಿ ಗಾಡಿ ಹತ್ತಿಬಿಟ್ಟ!

ಹೀಗೆ ಕೋರ್ಟಿನ ಕಾರಕೂನರಾದ ಕಾಕಾ ತಾವೇ ಗುರುಗಳಾದರು. ಅಕ್ಕ ಪಾಠ ಓದಬೇಕು, ಇವರು ಅರ್ಥ ಹುಡುಕಬೇಕು. ಬರೆದ ಅಕ್ಷರವನ್ನು ಉಚ್ಚರಿಸದೆ ಬಿಟ್ಟರೆ ಕಾಕಾರ ಲೆಕ್ಕದಲ್ಲಿ ಅದು ಕಳವು. ಮೊದಲ ದಿನವೇ ಕೂಗಾಟ:

"'ಹೋಟೆ' ಅಂದ್ರ ಮನಿಗೆ ಬಂದಾಂವನೂ ಹೌದು, ಮನಿ ಯಜಮಾನನೂ ಹೌದಂತ! ಬಡಸಾಂವ ಯಾರು, ಉಣ್ಣಾಂವ ಯಾರು? ಇವರ ಮನ್ಯಾಗ ಎಲ್ಲಾರೂ ಎಲಿ ಮುಂದ ಕೂತು ಉಪವಾಸ ಸಾಯ್ತಾರೇನು? ನಮ್ಮ ಕೋರ್ಟಿನ್ಯಾಗ ಸಾಕ್ಷಿ ಹಿಂಗ ಎರಡು ಮಾತಾಡಿದ್ರ ಜೇಲಿಗೆ ಹಾಕ್ತಾರ!"

ಒಂದು ದಿನ 'ಡಿಫೆಂಡ್ರೆ' ಬಂತು. ಕಾಪಾಡುವುದು ಅಂತಲೂ ಇತ್ತು, ಬೇಡವೆಂದು ತಡೆಯುವುದು ಅಂತಲೂ ಇತ್ತು. ಕಾಕಾ ಕೂಗಲಿಲ್ಲ. ಓಣಿಯಾಚೆ ಇದ್ದ ಸಂಸ್ಕೃತ ಮಾಸ್ತರರ ಮನೆಯ ಕಡೆ ಒಮ್ಮೆ ನೋಡಿ, "ಇದೊಂದು ಶಬ್ದ ನಮ್ಮೂರಾಗ ಹುಟ್ಟೇದ," ಅಂದರು.

ಎರಡರಲ್ಲಿ ಯಾವುದು ಸರಿ? "ವಾಕ್ಯ ನೋಡಿದ್ರ ತಿಳೀತದ ಕಾಕಾ," ಅನ್ನುತ್ತಿದ್ದಳು ಅಕ್ಕ.

"ವಾಕ್ಯಾನೂ ಅವರದ ಅಲ್ಲೇನು? ನನಗ ನಂಬಿಗಿಲ್ಲ!"

ನಂಬಿಕೆ ಇದ್ದದ್ದು ದೇವರಮನೆಯ ಮಾರುತಿಯ ಮೇಲೆ. ಮಡಿಯುಟ್ಟು ಮಾರುತಿಯ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುವರು. ಬಲಗಡೆಯದು ಮೊದಲು ಬಿದ್ದರೆ ಮೊದಲನೆಯ ಅರ್ಥ, ಎಡಗಡೆಯದಾದರೆ ಎರಡನೆಯದು! ಮದುವೆಗೆ ಹೂವಿನ ಪ್ರಸಾದ ಕೇಳುತ್ತಾರೆ, ಹೊಲ ಕೊಳ್ಳಲು ಕೇಳುತ್ತಾರೆ, ಶಬ್ದಾರ್ಥಕ್ಕೆ ಕೇಳಿದವರುಂಟೇ? ಒಂದು ಶಬ್ದಕ್ಕೆ ರಾಶಿ ಅರ್ಥ ಬಂದ ದಿನ ಭುಜ ಸಾಲದೆ ಬಾಲಕ್ಕೂ ಎಸಳು.

"ಕಾಕಾ, ಗದಾ ಇನ್ನೂ ಖಾಲಿ ಅದರಿ," ಅಂದೆ.

"ಮಡಿಯೊಳಗಿದ್ದೇನಿ, ಅದಕ್ಕ ಉಳದಿ! ಸ್ನಾನ ಇಲ್ಲದ ಮಂಗ್ಯಾ, ಹೊಸ್ತಿಲ ಆಚೆ ನಿಲ್ಲು!"

ಅಕ್ಕ ಮಾತ್ರ ವಾಕ್ಯ ನೋಡಿಯೇ ಕಲಿಯುತ್ತಿದ್ದಳು. ಕಾಕಾರ ಮುಂದೆ ಮಾರುತಿಯ ಅರ್ಥಕ್ಕೂ ಹೂಂಗುಟ್ಟುತ್ತಿದ್ದಳು.

ಪರೀಕ್ಷೆಯ ದಿನ ಬಂತು. ಅಕ್ಕ ನಮಸ್ಕಾರ ಮಾಡಿ ಟಾಂಗಾ ಹತ್ತಿದಳು. "ಲಗೂ ಹೋಗು, ಅಂಜಬ್ಯಾಡ," ಎಂದು ಗದರಿಸಿ ಕಾಕಾ ಸೀದಾ ದೇವರಮನೆ ಹೊಕ್ಕರು. ಅಣಕಿಸಲು ಹೊಸ ಸರಕು ಸಿಕ್ಕೀತೆಂದು ನಾನೂ ಹಿಂದೆಯೇ ಇಣುಕಿದೆ.

ಎರಡು ಎಸಳು. ಎರಡೂ ಮಾರುತಿಯ ಬಲಭುಜದ ಮೇಲೆ!

"ಕಾಕಾ, ಎಡಕ್ಕ ಹಚ್ಚೋದು ಮರತ್ರಿ!"

ಅವರು ತಿರುಗಲಿಲ್ಲ. ಎಸಳನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದರು. "ಮರತಿಲ್ಲೋ. ಇವತ್ತ ಒಂದ ಅರ್ಥ ಅದ. ಸುಮ್ಮನಿರು."

ನಾನು ಹೊಸ್ತಿಲು ದಾಟಿದೆ. ಇನ್ನೊಂದು ಎಸಳನ್ನು ನೀರಿನಲ್ಲಿ ಅದ್ದಿ ಕೊಟ್ಟೆ. ಸ್ನಾನ ಆಗಿದೆಯೇ ಅಂತ ಕೇಳದೆ ಕಾಕಾ ತೆಗೆದುಕೊಂಡರು.

ಅದನ್ನೂ ಬಲಕ್ಕೇ ಅಂಟಿಸಿದರು.